ಎಲ್ಲರ ಹೆಸರಿನ ತುತ್ತು

ಮೊದಲು ಕಂಡದ್ದು ಕುತ್ತಿಗೆ.

ರವಿವಾರ ನಮ್ಮ ಮನೆಯಲ್ಲಿ ಎಣ್ಣೆ ಹಚ್ಚಿ ಎರೆಯುವ ದಿನ. ಮಗಳು ಪೂರ್ವಿಯನ್ನು ಬಚ್ಚಲಲ್ಲಿ ಕೂರಿಸಿ ಕೂದಲು ಎತ್ತಿ ಕಟ್ಟಿದೆ. ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ. ಕೊಳೆ ಅಂದುಕೊಂಡೆ. ಮುಂಬಯಿಯ ಬೆವರು ಗೊತ್ತಲ್ಲ, ಮೈಗೆ ಅಂಟಿದರೆ ಬಿಡುವುದಿಲ್ಲ. ಕಡಲೆ ಹಿಟ್ಟು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ನಿಂಬೆ ಹೋಳು ತಂದು ತಿಕ್ಕಿದೆ. ಹೋಗಲಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಒಂಬತ್ತು ವರ್ಷದ ಹುಡುಗಿ, ಕುತ್ತಿಗಿ ತೊಳ್ಕೊಳ್ಳಾಕ ಬರೂದಿಲ್ಲೇನು?" ಅಂತ ಒದರಿ ಇನ್ನೂ ಜೋರಾಗಿ ತಿಕ್ಕಿದೆ.

"ಮಮ್ಮಿ, ಉರೀತೈತಿ," ಅಂತ ಅತ್ತಳು.

ಚರ್ಮ ಕೆಂಪಾಯಿತು, ಕಪ್ಪು ಹಾಗೇ ಇತ್ತು. ಬೆರಳಿಟ್ಟು ನೋಡಿದೆ. ಅಲ್ಲಿ ಚರ್ಮ ದಪ್ಪಗಿತ್ತು, ಮಖಮಲ್ಲಿನ ಹಾಗೆ. ಕಂಕುಳಲ್ಲೂ ಹಾಗೇ. ಕೊಳೆ ಅಲ್ಲ ಅದು.

ಸಯನ್ನಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಫ್ಯಾಮಿಲಿ ಡಾಕ್ಟರ್ ಇದ್ದಾರೆ. ಏನಾದರೂ ಮುಲಾಮು ಬರೆದುಕೊಡುತ್ತಾರೆ ಅಂತ ಕರೆದುಕೊಂಡು ಹೋದೆ. ಅವರು ಕುತ್ತಿಗೆ ನೋಡಿದರು, ತೂಕ ನೋಡಿದರು, ಎತ್ತರ ನೋಡಿದರು. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ ಅಂತ ಕೇಳಿದರು. ಮಲಗಿದಾಗ ಗೊರಕೆ? ಎರಡೂ ಇತ್ತು. ಗೊರಕೆಗೆ ನಾವೆಲ್ಲ ನಗುತ್ತಿದ್ದೆವು, ಥೇಟ್ ಅವರಪ್ಪನ ಮಗಳು ಅಂತ. ಡಾಕ್ಟರ್ ನಗಲಿಲ್ಲ. ಮುಲಾಮನ್ನೂ ಬರೆಯಲಿಲ್ಲ. ಬ್ಲಡ್ ಟೆಸ್ಟ್, ಹೊಟ್ಟೆಯ ಸೋನೋಗ್ರಫಿ, ಮಕ್ಕಳ ಸ್ಪೆಷಲಿಸ್ಟ್ ಒಬ್ಬರ ಹೆಸರು ಬರೆದುಕೊಟ್ಟರು.

ಪ್ರಿ-ಡಯಾಬಿಟಿಸ್. ಲಿವರಿನಲ್ಲಿ ಕೊಬ್ಬು.

ಮಕ್ಕಳ ಡಾಕ್ಟರ್ ಮರಾಠಿ ಹೆಣ್ಣುಮಗಳು, ಸಮಾಧಾನದ ಮಾತಿನವರು. ಮೈಯಲ್ಲಿ ಇನ್ಸುಲಿನ್ ಬೇಕಾದಷ್ಟಿದೆ, ಆದರೆ ಮೈ ಅದರ ಮಾತು ಕೇಳುತ್ತಿಲ್ಲ, ಅದರ ಗುರುತೇ ಆ ಕಪ್ಪು ಪಟ್ಟಿ ಅಂತ ತಿಳಿಸಿ ಹೇಳಿದರು. ಈಗ ಹಿಂದಕ್ಕೆ ತಿರುಗಿಸಬಹುದು. ಬಿಟ್ಟರೆ ದೊಡ್ಡವಳಾಗುವಷ್ಟರಲ್ಲಿ ನಿಜವಾದ ಡಯಾಬಿಟಿಸ್ ಆಗಬಹುದು. ನಮ್ಮಪ್ಪನಿಗೆ ಶುಗರ್ ಇತ್ತು. ಮೊದಲು ಕಾಲಿನ ಬೆರಳು ತೆಗೆದರು, ಆಮೇಲೆ ಪಾದ. ನಾನು ಡಾಕ್ಟರ್ ಎದುರಿಗೆ ಕೂತು ಪೂರ್ವಿಯ ಚಪ್ಪಲಿಯೊಳಗಿನ ಪುಟ್ಟ ಬೆರಳುಗಳನ್ನೇ ನೋಡುತ್ತಿದ್ದೆ. ಡಾಕ್ಟರ್ ಮುಂದೆ ಹೇಳಿದ್ದು ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ.

ನಮ್ಮ ಮನೆಯ ಸಂಗತಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ವಿಜಯಪುರ ಕಡೆಯವರು. ನಮ್ಮ ಮನೆಯವರು ಕುರ್ಲಾದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ನಾನು ದಾದರ್‌ನಲ್ಲಿ ಆಫೀಸಿಗೆ ಹೋಗುತ್ತೇನೆ. ಬೆಳಿಗ್ಗೆ ಲೋಕಲ್ ಹಿಡಿದರೆ ಸಂಜೆಯೇ ವಾಪಸ್ಸು. ಮನೆ, ಪೂರ್ವಿ ಎರಡೂ ಅತ್ತೆಯ ಕೈಯಲ್ಲಿ. ಪೂರ್ವಿ ಅವರನ್ನು ನಮ್ಮ ಕಡೆಯ ರೂಢಿಯಂತೆ ಆಯಿ ಅನ್ನುತ್ತಾಳೆ. ಅಂದರೆ ಅಜ್ಜಿ.

ಅತ್ತೆ ಸುಮ್ಮನೆ ಮುಂಬಯಿಗೆ ಬಂದವರಲ್ಲ. ಎರಡು ವರ್ಷದವಳಿದ್ದಾಗ ಪೂರ್ವಿ ಕಡ್ಡಿಯಂತಿದ್ದಳು. ವಾಂತಿ, ಭೇದಿ, ಮತ್ತೆ ವಾಂತಿ. ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದಾಗ ಹಾಸಿಗೆಯಲ್ಲಿ ಮಗು ಎಲ್ಲಿದೆ ಅಂತ ಹುಡುಕಬೇಕಿತ್ತು. ಮನೆಗೆ ಬಂದ ಮೇಲೂ ಅನ್ನ ಕಂಡರೆ ತುಟಿ ಬಿಗಿಯುತ್ತಿದ್ದಳು. ಆಗ ಅತ್ತೆ ಊರಿನಿಂದ ಬಂದರು, ತಮ್ಮ ಹಿತ್ತಾಳೆಯ ಗಂಗಾಳವನ್ನು ಸೀರೆಗಳ ನಡುವೆ ಸುತ್ತಿಕೊಂಡು. ಅದರಲ್ಲಿ ರೊಟ್ಟಿ ಚೂರು ಮಾಡಿ, ಬೇಳೆ ಹಾಕಿ, ತುಪ್ಪ ಬಿಟ್ಟು, ಕಿವುಚಿ ಮೆತ್ತಗೆ ಮಾಡಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡರು. "ಇದು ಪಪ್ಪಂದು. ಆಂ. ಇದು ಮಮ್ಮಿದು. ಆಂ. ಇದು ಕಾಕಾಂದು." ಒಂದೊಂದು ತುತ್ತಿಗೆ ಒಬ್ಬೊಬ್ಬರ ಹೆಸರು. ಬಾಯಿ ತೆರೆಯದಿದ್ದರೆ, "ಅಯ್ಯ, ಕಾಕಾ ಹಸದಾನ, ನೋಡು ಹೆಂಗ ಅಳಾಕತ್ತಾನ" ಅನ್ನುವರು. ಕೂಸು ಪಾಪ, ಕಾಕಾನ ಸಲುವಾಗಿ ಬಾಯಿ ತೆರೆಯುತ್ತಿತ್ತು. ಹೀಗೆ ಮಗು ಬದುಕಿತು. ಇದನ್ನು ನಾನು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಅತ್ತೆ ಬರದಿದ್ದರೆ ನನ್ನ ಮಗಳು ಉಳಿಯುತ್ತಿರಲಿಲ್ಲ.

ಆದರೆ ಆ ಊಟ ನಿಲ್ಲಲಿಲ್ಲ. ಪೂರ್ವಿ ನರ್ಸರಿಗೆ ಹೋದಳು, ಒಂದನೆಯ ಕ್ಲಾಸಿಗೆ ಹೋದಳು, ನಾಲ್ಕನೆಯ ಕ್ಲಾಸಿಗೆ ಬಂದಳು. ಬೆಳಿಗ್ಗೆ ಬಸ್ಸು ಬರುವುದರೊಳಗೆ ಬೂಟು ಹಾಕುತ್ತಿದ್ದಾಗಲೂ ಬಾಯಿಗೆ ತುತ್ತು, ಶಾಲೆಯಿಂದ ಬಂದ ಕೂಡಲೇ ಟಿವಿಯ ಮುಂದೆ ತುತ್ತು. ಸಂಜೆ ನಾನು ಬರುವಷ್ಟರಲ್ಲಿ ಮತ್ತೊಂದು ಊಟ ಮುಗಿದಿರುತ್ತಿತ್ತು. ಪೂರ್ವಿಯ ಕಣ್ಣು ಟಿವಿಯ ಮೇಲೆ, ಬಾಯಿ ತನ್ನಷ್ಟಕ್ಕೆ ತಾನೇ ತೆರೆದು ಮುಚ್ಚುವುದು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮುಂಬಯಿಯಲ್ಲಿ ಕೆಲಸಕ್ಕೆ ಹೋಗುವ ಯಾವ ತಾಯಿಗೆ ಇಂಥ ಪುಣ್ಯ ಇದೆ ಅಂತ ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಪೂರ್ವಿ ದುಂಡಗಾದಾಗ ಅತ್ತೆ ದೃಷ್ಟಿ ತೆಗೆಯುತ್ತಿದ್ದರು.

ರಿಪೋರ್ಟ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಮನೆಯಲ್ಲಿ ಎಲ್ಲಾ ಬಂದ್. ತುಪ್ಪ ಬಂದ್. ಬಿಸ್ಕೀಟು, ಫರಸಾಣ, ಚಕ್ಕುಲಿ ಬಂದ್. ಊಟಕ್ಕೆ ಒಂದು ರೊಟ್ಟಿ, ಅಷ್ಟೇ. ನಮ್ಮ ಮನೆಯವರು "ಸ್ವಲ್ಪ ನಿಧಾನ ಮಾಡೂನು" ಅಂದರು. "ನೀವು ಸುಮ್ಮನಿರ್ರಿ, ನಿಮ್ಮ ನಿಧಾನದಿಂದಾನ ಇಲ್ಲಿತನಕ ಬಂದೈತಿ" ಅಂತ ಅವರ ಬಾಯಿ ಮುಚ್ಚಿಸಿದೆ.

ಏನಾಯಿತು? ಪೂರ್ವಿ ಶಾಲೆಯಲ್ಲಿ ಗೆಳತಿಯರ ಡಬ್ಬಾ ಖಾಲಿ ಮಾಡತೊಡಗಿದಳು. ಟೀಚರ್ ಕರೆಸಿ ಹೇಳಿದರು. ಪಕ್ಕದ ಮನೆಯ ಮರಾಠಿ ಕಾಕು ಹೋಳಿಗೆ ಕೊಟ್ಟರೆ ಮೆಟ್ಟಿಲ ಮೇಲೆ ನಿಂತೇ ತಿಂದು ಬರುತ್ತಿದ್ದಳು. ಒಮ್ಮೆ ಬಟ್ಟೆ ಮಡಿಚಿಡುವಾಗ ಅವಳ ಫ್ರಾಕುಗಳ ಕೆಳಗೆ ಬಿಸ್ಕೀಟಿನ ಪುಡಿ ಸಿಕ್ಕಿತು. ಇತ್ತ ನಾನಿಲ್ಲದಾಗ ಅತ್ತೆಯ ಗಂಗಾಳ ಎಂದಿನಂತೆ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಕೇಳಿದರೆ, "ಕೂಸಿನ ಹೊಟ್ಟಿ ಒಣಗಿಸಿ ಯಾವ ರೋಗ ವಾಸಿ ಮಾಡ್ತಿ?" ಅನ್ನುವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಎರಡೂ ಇದ್ದವು.

ಮುಂದಿನ ತಪಾಸಣೆಗೆ ಹೋದಾಗ ತೂಕ ಇನ್ನೂ ಏರಿತ್ತು.

ಆ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ನಿಜ ಹೇಳಬೇಕೆಂದರೆ, ಡಾಕ್ಟರ್ ಬಾಯಿಂದ ಅವರಿಗೆ ಬೈಸಬೇಕೆಂದೇ. ನನ್ನ ಮಾತಂತೂ ಕೇಳುವುದಿಲ್ಲ, ಬಿಳಿ ಕೋಟಿನ ಮಾತಾದರೂ ಕೇಳಲಿ ಅಂತ. ಒಪಿಡಿಯಲ್ಲಿ ಅತ್ತೆ ಇಳಕಲ್ ಸೀರೆಯ ಸೆರಗು ಹೊದ್ದು ನೆಟ್ಟಗೆ ಕೂತಿದ್ದರು, ಬೀಗರ ಮನೆಗೆ ಬಂದವರ ಹಾಗೆ.

ಡಾಕ್ಟರ್ ಬೈಯಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಪೂರ್ವಿಯನ್ನು ಹತ್ತಿರ ಕರೆದು ಹಿಂದಿಯಲ್ಲಿ ಕೇಳಿದರು, ಊಟ ಮಾಡುವಾಗ ಹೊಟ್ಟೆ ತುಂಬಿತು ಅಂತ ನಿನಗೆ ಹೇಗೆ ಗೊತ್ತಾಗುತ್ತದೆ ಅಂತ.

ಪೂರ್ವಿ ಯೋಚಿಸಿದಳು. "ಜಬ್ ಸಬ್ ಕಾ ಹೋ ಜಾತಾ ಹೈ," ಅಂದಳು. ಎಲ್ಲರದೂ ಆದಾಗ.

"ಎಲ್ಲರದೂ ಅಂದರೆ?"

ಪೂರ್ವಿ ಬೆರಳು ಮಡಿಚುತ್ತ ಹೇಳತೊಡಗಿದಳು. ಪಪ್ಪನದು, ಮಮ್ಮಿಯದು, ಕಾಕಾನದು, ಕಾಕೂದು, ಸೋದರತ್ತೆ ಅತ್ಯಾನದು, ಅತ್ಯಾನ ಹೊಸ ಪಾಪೂದು, ಊರ ಮನೆಯ ಆಕಳದು, ಅಲ್ಲಿಯ ನೆರೆಮನೆ ಶಾಂತಕ್ಕನದು. ಬೆರಳು ಸಾಲದೆ ಮತ್ತೆ ಮೊದಲಿಂದ ಮಡಿಚಿದಳು. ನನಗೆ ಆಗ ತಿಳಿಯಿತು. ಎರಡು ವರ್ಷದ ಕೂಸಿಗೆ ಶುರುವಾದ ಆ ಹೆಸರುಗಳು ನಿಂತಿಲ್ಲ ಅಷ್ಟೇ ಅಲ್ಲ, ಬೆಳೆದಿವೆ. ಊರಲ್ಲಿ ಮದುವೆಯಾದರೆ ಒಂದು ತುತ್ತು ಹೆಚ್ಚು. ಯಾರಿಗೋ ಮಗು ಹುಟ್ಟಿದರೆ ನನ್ನ ಮಗಳ ಹೊಟ್ಟೆಗೆ ಇನ್ನೊಂದು.

"ಕೊನೆಗೆ ಮುತ್ಯಾಂದು," ಅಂದಳು ಪೂರ್ವಿ. ಮುತ್ಯಾ ಅಂದರೆ ಅವಳ ಅಜ್ಜ, ನಮ್ಮ ಮಾವ. ಅವಳು ಹುಟ್ಟುವ ಮೊದಲೇ ತೀರಿಕೊಂಡವರು. "ಮುತ್ಯಾಂದು ಬಿಟ್ಟರೆ ಮುತ್ಯಾ ಹಸಿದಿರುತ್ತಾನೆ."

ಅದನ್ನು ಅವಳು ಲೆಕ್ಕದ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಒಂಬತ್ತು ವರ್ಷದ ಹುಡುಗಿ, ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ಎಲ್ಲಾ ಹುಡುಕುತ್ತಾಳೆ. ಆದರೂ ಹೊಟ್ಟೆ ಬಿರಿಯುವಾಗಲೂ ಸತ್ತ ಅಜ್ಜನ ಸಲುವಾಗಿ ಬಾಯಿ ತೆರೆಯುತ್ತಿದ್ದಳು. ಬೈಸಬೇಕೆಂದು ಕರೆತಂದಿದ್ದೆನಲ್ಲ, ಅತ್ತೆಯ ಮುಖ ನೋಡಲಾಗಲಿಲ್ಲ ನನಗೆ. ಅವರು ಸೆರಗಿನ ಅಂಚು ಹಿಡಿದು, "ಸಣ್ಣ ಕೂಸಿದ್ದಾಗ ಹೇಳಿದ ಮಾತು ಅದು" ಅಂತ ಮೆಲ್ಲಗೆ ಅಂದರು.

ಡಾಕ್ಟರಿಗೆ ನಾನು ಬಿಡಿಸಿ ಹೇಳಬೇಕಾಯಿತು. ಕೇಳಿ ಅವರು ನಕ್ಕರು, ಚೇಷ್ಟೆಯ ನಗುವಲ್ಲ. ತಮ್ಮ ಅಜ್ಜಿಯೂ ಕಾಗೆಗೊಂದು, ಗುಬ್ಬಿಗೊಂದು ಅಂತ ತುತ್ತು ಕೊಡುತ್ತಿದ್ದರಂತೆ. ಆಮೇಲೆ ಅತ್ತೆಗೆ ಮರಾಠಿಯಲ್ಲೇ ಹೇಳಿದರು, ವಿಜಯಪುರದವರಿಗೆ ಅಷ್ಟು ಮರಾಠಿ ಬರುತ್ತದೆ. "ನೀವು ಈ ಮಗುವನ್ನು ಉಳಿಸಿದ್ದೀರಿ. ಈಗ ಇವಳ ಹೊಟ್ಟೆಯ ಮಾತು ಇವಳಿಗೇ ಕೇಳಿಸಬೇಕು. ಬೇರೆ ಯಾರೂ ನಡುವೆ ಮಾತಾಡಬಾರದು." ಆಮೇಲೆ ನನ್ನ ಕಡೆಗೆ ತಿರುಗಿದರು. "ನೀವೂ ಕೂಡ. ತಿನ್ನು ಅನ್ನುವವರೂ ಬೇಡ, ತಿನ್ನಬೇಡ ಅನ್ನುವವರೂ ಬೇಡ. ಕಸಿದುಕೊಂಡಷ್ಟೂ ಕದ್ದು ತಿನ್ನುತ್ತಾಳೆ." ಏನು ಅಡುಗೆ ಮಾಡಬೇಕು ಅನ್ನುವುದು ನಮಗೆ ಬಿಟ್ಟದ್ದು. ಎಷ್ಟು ಉಣ್ಣಬೇಕು ಅನ್ನುವುದು ಪೂರ್ವಿಗೆ ಬಿಟ್ಟದ್ದು. ಟಿವಿ ಬಂದ್, ಅವಳ ತಾಟು ಬೇರೆ, ಅವಳ ಕೈಯಿಂದಲೇ ಊಟ, ಎದುರಿಗೆ ಮನೆಯವರು ಯಾರಾದರೂ ಕೂತು ಜೊತೆಗೆ ಉಣ್ಣಬೇಕು. ಸಂಜೆ ಕೆಳಗೆ ಹೋಗಿ ಆಡಬೇಕು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ನನ್ನ ಕೈಯಾಗ ವಿಷ ಐತೇನು?"

ನಮ್ಮ ಮನೆಯವರು, "ಅವ್ವಾ, ಹಂಗ ಯಾರ ಅಂದಾರ?" ಅಂದರು. ಅವರಿಗೆ ಅತ್ತ ದರಿ, ಇತ್ತ ಪುಲಿ. ಅತ್ತೆ ಆ ಸಂಜೆ ಊಟ ಮಾಡಲಿಲ್ಲ. ತನ್ನನ್ನು ಊರಿಗೆ ಕಳಿಸಿಬಿಡ್ರಿ ಅಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಊರಲ್ಲಿ ಅವರಿಗೆ ಹೊಲ ಇಲ್ಲ, ಓಣಿ ಇಲ್ಲ, ಮಾತಾಡಿಸುವ ಗೆಳತಿಯರಿಲ್ಲ. ಇದ್ದದ್ದು ಆ ಗಂಗಾಳ, ಪೂರ್ವಿಯ ಬಾಯಿ. ಅದನ್ನೂ ನಾನು ಕಿತ್ತುಕೊಂಡ ಹಾಗಾಗಿತ್ತು. ಆದರೆ ಕಣ್ಣಮುಂದೆ ನಮ್ಮಪ್ಪನ ಕಾಲು ಬರುತ್ತಿತ್ತು. ನಾನು ಬಗ್ಗಲಿಲ್ಲ.

ಮೊದಲ ದಿನಗಳು ಫಜೀತಿ. ಪೂರ್ವಿ ಖಾಲಿ ತಾಟಿನ ಮುಂದೆ ಕೂತು ಕಾಯುತ್ತಿದ್ದಳು. "ಹಾಕ್ಕೊ" ಅಂದರೆ, "ಎಷ್ಟು?" ಅಂತ ನನ್ನ ಮುಖ ನೋಡುವಳು. "ನಿನಗ ಎಷ್ಟು ಬೇಕೋ ಅಷ್ಟು" ಅಂದರೆ ಗಾಬರಿ. ಒಮ್ಮೆ ನಾಲ್ಕು ರೊಟ್ಟಿ ಹಾಕಿಕೊಂಡಳು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ನನ್ನಂಥವಳಿಗೆ ಸುಮ್ಮನೆ ಕೂರುವುದು ಎಂಥ ಶಿಕ್ಷೆ ಅಂತ ನಮ್ಮ ಮನೆಯವರನ್ನು ಕೇಳಿ. ಸೀದಾ ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಪೂರ್ವಿ ನಾಲ್ಕನ್ನೂ ತಿಂದು ಹೊಟ್ಟೆ ನೋವು ಅಂತ ಮಲಗಿದಳು. ಮರುದಿನವೂ ಹೆಚ್ಚೇ ಹಾಕಿಕೊಂಡಳು. ಡಾಕ್ಟರಿಗೆ ಫೋನ್ ಮಾಡಿದರೆ, ತಾಳ್ಮೆ ಇರಲಿ ಅಂದರು. ತಾಳ್ಮೆಯನ್ನು ಯಾವ ಮೆಡಿಕಲ್ ಸ್ಟೋರಿನಲ್ಲಿ ಕೊಡುತ್ತಾರೆ ಅಂತ ಕೇಳಬೇಕೆನಿಸಿತು.

ಇನ್ನೊಂದು ತೊಡಕಿತ್ತು. ಪೂರ್ವಿ ತನ್ನ ಕೈಯಿಂದ ಉಣ್ಣುವಾಗಲೂ ಒಳಗೊಳಗೇ ಹೆಸರು ಹೇಳಿಕೊಳ್ಳುತ್ತಿದ್ದಳು. ತುಟಿ ಅಲುಗುವುದು ಕಾಣುತ್ತಿತ್ತು. ಒಂದು ಸಂಜೆ ಅವಳ ಕೈ ನಿಂತಿತು. ಸಾಕಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಏಳಲಿಲ್ಲ. ಕಣ್ಣಲ್ಲಿ ನೀರು. "ಮುತ್ಯಾಂದು ಉಳದೈತಿ," ಅಂದಳು.

ಸತ್ತವರಿಗೆ ಹಸಿವಿಲ್ಲ ಅನ್ನಲೇ, ಅತ್ತೆಯ ಎದುರಿಗೆ?

ಅತ್ತೆ ಅಲ್ಲಿಯತನಕ ಗೋಡೆಗೆ ಒರಗಿ, ಮುಖ ಬೇರೆ ಕಡೆ ಮಾಡಿ ಕೂತಿದ್ದರು. ಎದ್ದರು. ಒಂದು ತಾಟು ತಂದು ಪೂರ್ವಿಯ ಎದುರಿಗೆ ಕೂತರು. ನಮ್ಮ ಮನೆಯಲ್ಲಿ ಅವರು ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಉಣ್ಣುವವರು. ಎದುರುಬದುರು ಕೂತದ್ದನ್ನು ನಾನು ಕಂಡೇ ಇರಲಿಲ್ಲ.

"ಮುತ್ಯಾ ನಿನಗೇನಾಗಬೇಕು?" ಅಂದರು.

"ಅಜ್ಜ."

"ನನಗ ಗಂಡ. ಅವನ ಹಸಿವಿ ನಂದು, ನಿಂದಲ್ಲ. ಅವಂದು ನಾ ಉಣ್ತೀನಿ. ಕಾಕಾಂದು, ಅತ್ಯಾಂದು, ಆಕಳದು ಎಲ್ಲಾ ನನಗ ಬಿಡು. ನೀ ನಿಂದಷ್ಟ ಉಣ್ಣು."

ಪೂರ್ವಿ ಅವರ ತಾಟು ನೋಡಿದಳು. "ನೀ ಅಷ್ಟೆಲ್ಲಾ ಉಂಡ್ರ ದಪ್ಪ ಆಗ್ತಿ, ಆಯಿ," ಅಂದಳು. ಅತ್ತೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅಂದಿನಿಂದ ಇಬ್ಬರೂ ಜೊತೆಗೇ ಕೂರುತ್ತಾರೆ. ಅತ್ತೆಯದು ಒಂದೂವರೆ ರೊಟ್ಟಿಯ ಊಟ, ಅಗಿದು ಅಗಿದು ನಿಧಾನ. ಪೂರ್ವಿಯ ವೇಗವೂ ಇಳಿಯತೊಡಗಿತು.

ಈಗ ಮೊನ್ನೆ ಮತ್ತೆ ಟೆಸ್ಟ್ ಆಯಿತು. ಶುಗರ್ ಸ್ವಲ್ಪ ಇಳಿದಿದೆ. ಲಿವರ್ ಇನ್ನೂ ಹಾಗೇ. ತೂಕ ಇಳಿದಿಲ್ಲ, ಏರಿಯೂ ಇಲ್ಲ. ಎತ್ತರ ಬೆಳೆದಿದ್ದಾಳೆ, ಈ ವಯಸ್ಸಿಗೆ ತೂಕ ನಿಂತರೂ ಲಾಭವೇ ಅಂದರು ಡಾಕ್ಟರ್. ಕುತ್ತಿಗೆಯ ಕಪ್ಪು ಇದೆ. ನಾನು ಈಗ ತಿಕ್ಕುವುದಿಲ್ಲ. ಒಮ್ಮೊಮ್ಮೆ ಹೋಳಿಗೆ ಕಂಡರೆ ಅವಳಿಗೂ ತಡೆಯಲಾಗುವುದಿಲ್ಲ, ನನಗೂ ಬೈಗುಳ ತಡೆಯಲಾಗುವುದಿಲ್ಲ. ಬೈದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಪೂರ್ತಿ ಗೆದ್ದೆವು ಅಂತ ಹೇಳುವ ಧೈರ್ಯ ನನಗಿಲ್ಲ.

ಒಂದು ಮಾತು ಮಾತ್ರ ಹೇಳಬೇಕು. ಕಳೆದ ಶನಿವಾರ ನನಗೆ ರಜೆ. ಪೂರ್ವಿ ಕೆಳಗೆ ಮಕ್ಕಳ ಜೊತೆ ಆಡುತ್ತಿದ್ದಳು. ನಾನು, ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆವು. ಪೂರ್ವಿ ಬೆವರು ಸುರಿಸುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಮಮ್ಮಿ, ನನಗ ಹಸಿವಾಗೇತಿ."

ನನ್ನ ಕೈ ನಿಂತಿತು. ಈ ಮಾತನ್ನು ನನ್ನ ಮಗಳ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿಲ್ಲ ಅನ್ನುವುದೂ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಹಸಿವು ಬರುವ ಮೊದಲೇ ತುತ್ತು ಬರುತ್ತಿತ್ತಲ್ಲ, ಅವಳು ಹೇಳುವುದಾದರೂ ಯಾವಾಗ?

ಪೂರ್ವಿ ತಾನೇ ಒಳಗೆ ಹೋಗಿ ತಾಟು ತೆಗೆದುಕೊಂಡಳು. ರೊಟ್ಟಿ, ಪಲ್ಯ, ಮೊಸರು ಹಾಕಿಕೊಂಡಳು. ಅತ್ತೆ ಎದ್ದು ಸಹಾಯಕ್ಕೆ ಹೋಗಲಿಲ್ಲ. ಸೊಪ್ಪಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಏನಾತ್ರಿ ಅತ್ತೀ?" ಅಂದೆ.

"ಈಕಿ ಕಡ್ಡಿ ಹಂಗ ಮಲಗಿದ್ಲಲ್ಲ, ಆವಾಗ ಎಲ್ಲಮ್ಮಗ ಹರಕಿ ಹೊತ್ತಿದ್ದೆ," ಅಂದರು. "ನನ್ನ ಕೂಸು ತಾನಾಗಿ ಬಾಯಿ ಬಿಟ್ಟು ಹಸಿವಾಗೇತಿ ಅನ್ನಲಿ ತಾಯಿ, ನಿನಗ ಉಡಿ ತುಂಬತೀನಿ ಅಂತ. ಇಷ್ಟು ವರ್ಷ ಆ ಹರಕಿ ಹಂಗ ಉಳದಿತ್ತು. ಈಕಿ ಅನ್ನಲೇ ಇಲ್ಲ." ಮತ್ತೆ ಅಂದರು, "ಅನ್ನಾಕ ನಾನ ಬಿಡಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ಹಿಡಿದಿರಲಿಲ್ಲ. ಒಳಗೆ ಪೂರ್ವಿ ಒಂದು ರೊಟ್ಟಿ ತಿಂದು, ಕೈ ತೊಳೆದುಕೊಂಡು, ನಮ್ಮಿಬ್ಬರನ್ನು ದಾಟಿ ಮತ್ತೆ ಆಡಲು ಇಳಿದು ಹೋದಳು.

ರಜೆಗೆ ಟಿಕೆಟ್ ತೆಗೆಸಿದ್ದೇವೆ. ಮುಂದಿನ ರಿಪೋರ್ಟ್ ಏನು ಹೇಳುತ್ತದೋ ಗೊತ್ತಿಲ್ಲ. ಅದು ಬರುವ ಮೊದಲು ಮೂವರೂ ಹೆಣ್ಣುಮಕ್ಕಳು ಎಲ್ಲಮ್ಮನ ಗುಡಿಗೆ ಹೋಗಿ ಉಡಿ ತುಂಬಿ ಬರುತ್ತೇವೆ.